ಬೋಟಿನಲ್ಲಿ ಬೀರು: ಅಪಾಯ ಓಡಿಸುವವನಿಗೆ ಮಾತ್ರ ಅಲ್ಲ

ಅಮೆರಿಕದಲ್ಲಿ ಬೇಸಿಗೆ ಬಂತು ಅಂದರೆ ಅಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ಲಾನ್ ಗ್ಯಾರಂಟಿ. ನಾಲ್ಕೈದು ಮನೆಯವರು ಸೇರಿ ಒಂದು ಪಾಂಟೂನ್ ಬೋಟು ಬಾಡಿಗೆಗೆ ತೆಗೆದುಕೊಳ್ಳೋದು. ಅಗಲವಾದ, ಚಪ್ಪಟೆಯಾದ, ಸುತ್ತ ಸೋಫಾ ಇರುವ ಬೋಟು. ಐಸ್ ಬಾಕ್ಸು, ಮ್ಯಾರಿನೇಟ್ ಮಾಡಿದ ಚಿಕನ್, ಸ್ಪೀಕರ್, ಮಕ್ಕಳಿಗೆ ಟ್ಯೂಬು. ಆಮೇಲೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ, "ಬೋಟಲ್ಲಿ ಎಣ್ಣೆ ತಗೊಂಡು ಹೋಗಬಹುದಾ?"

ಬಹಳಷ್ಟು ರಾಜ್ಯಗಳಲ್ಲಿ ಹೋಗಬಹುದು. ಗೊಂದಲ ಶುರುವಾಗುವುದೇ ಇಲ್ಲಿಂದ. ಟೆಕ್ಸಾಸ್‌ನಲ್ಲಿ ಕಾರಿನೊಳಗೆ ಮುಚ್ಚಳ ತೆಗೆದ ಬಾಟಲಿ ಇದ್ದರೆ ದಂಡ. ಅದೇ ಬಾಟಲಿ ಬೋಟಿನಲ್ಲಿದ್ದರೆ ಅಷ್ಟಕ್ಕೇ ಕೇಸಿಲ್ಲ. ಓಡಿಸುವವನ ಕೈಯಲ್ಲಿ ಕ್ಯಾನ್ ಇದ್ದರೂ ಅದೊಂದೇ ಅಪರಾಧ ಆಗುವುದಿಲ್ಲ. ಹಾಗಾಗಿ ಜನ ಏನಂದುಕೊಳ್ಳುತ್ತಾರೆ? ನೀರಿನ ಮೇಲೆ ಕಾನೂನು ಸಡಿಲ, ಎದುರಿಗೆ ಲಾರಿ ಬರಲ್ಲ, ಸಿಗ್ನಲ್ ಇಲ್ಲ, ಏನಾದೀತು ಬಿಡು ಅಂತ. ಕುಡಿಯುವುದಕ್ಕೆ ಅಡ್ಡಿಯಿಲ್ಲ ಅನ್ನುವುದು ನಿಜ. ಕುಡಿದು ಓಡಿಸಿದರೆ ಮಾತ್ರ ಅದು ಕುಡಿದು ಕಾರು ಓಡಿಸಿದ ಹಾಗೇ ಲೆಕ್ಕ. ಅದಕ್ಕೆ ಬಿಯುಐ, ಬಿಡಬ್ಲ್ಯುಐ ಅಂತ ಬೇರೆ ಬೇರೆ ರಾಜ್ಯದಲ್ಲಿ ಬೇರೆ ಬೇರೆ ಹೆಸರು.

ಮೊದಲು ಅಂಕಿ ನೋಡಿಬಿಡೋಣ. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿ ವರ್ಷ ಮೋಜಿನ ಬೋಟುಗಳ ಅಪಘಾತದ ಲೆಕ್ಕ ಕೊಡುತ್ತದೆ. 2023ರಲ್ಲಿ ಸತ್ತವರು 564 ಜನ. ಕಾರಣ ಗೊತ್ತಾದ ಸಾವುಗಳಲ್ಲಿ ಮೊದಲ ಸ್ಥಾನ ಮದ್ಯಕ್ಕೆ, ಆ ಲೆಕ್ಕದಲ್ಲಿ 79 ಜನ. ಈ ಮೊದಲ ಸ್ಥಾನ ಅದು ವರ್ಷ ವರ್ಷವೂ ಬಿಟ್ಟುಕೊಟ್ಟಿಲ್ಲ. ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮುಳುಗಿ ಸತ್ತವರು, ಹಾಗೆ ಮುಳುಗಿದವರಲ್ಲಿ ಶೇ. 87 ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ಅಂದರೆ ಬೋಟಿನ ಸಾವು ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವ ಡಿಕ್ಕಿಯ ದೃಶ್ಯ ಪೂರ್ತಿ ಸರಿಯಲ್ಲ. ಹೆಚ್ಚಿನವರು ನೀರಿಗೆ ಬಿದ್ದು, ಮೇಲೆ ಬರಲಾಗದೆ ಸಾಯುತ್ತಾರೆ.

ಇನ್ನು ಮೈಯೊಳಗೆ ಏನಾಗುತ್ತದೆ ಅನ್ನುವ ವಿಷಯ. ಮನೆಯಲ್ಲಿ ಕೂತು ಎರಡು ಬೀರು ಕುಡಿದರೆ ಏನೂ ಆಗದವನಿಗೂ ಕೆರೆಯ ಮಧ್ಯೆ ಅದೇ ಎರಡು ಬೀರು ಬೇರೆ ಥರ ಕೆಲಸ ಮಾಡುತ್ತದೆ. ಬಿಸಿಲು ನೆತ್ತಿಯ ಮೇಲೆ, ನೀರಿನಿಂದ ಕಣ್ಣಿಗೆ ಹೊಡೆಯುವ ಪ್ರತಿಫಲನ, ಇಂಜಿನ್ನಿನ ಗುಂಯ್ ಅನ್ನುವ ಸದ್ದು, ನಡುಕ, ಗಾಳಿ, ಕಾಲಡಿಯಲ್ಲಿ ಎಡೆಬಿಡದೆ ಅಲುಗುವ ನೆಲ. ಮೂರ್ನಾಲ್ಕು ಗಂಟೆ ಇದರಲ್ಲಿ ಕಳೆದರೆ ಒಂದು ಹನಿ ಕುಡಿಯದವನೂ ಮಂಕಾಗುತ್ತಾನೆ, ಕಣ್ಣು ಕೈಗಳ ಚುರುಕು ಹೋಗಿರುತ್ತದೆ. ಅದರ ಮೇಲೆ ಮದ್ಯ. ಜೊತೆಗೆ ಬಾಯಾರಿಕೆ, ಬಾಯಾರಿಕೆಗೆ ಇನ್ನೊಂದು ಬೀರು.

ಇದೆಲ್ಲಕ್ಕಿಂತ ಸ್ವಾರಸ್ಯ ಇರುವುದು ಒಳಕಿವಿಯಲ್ಲಿ. ತಲೆ ಯಾವ ಕಡೆ ತಿರುಗುತ್ತಿದೆ ಅಂತ ಮೆದುಳಿಗೆ ತಿಳಿಸುವ ಮೂರು ಬಾಗಿದ ನಳಿಗೆಗಳು ಅಲ್ಲಿವೆ. ಒಳಗೆ ದ್ರವ, ದ್ರವದಲ್ಲಿ ಜೆಲ್ಲಿಯಂಥ ಒಂದು ಪುಟ್ಟ ಪರದೆ. ಮಾಮೂಲಿಯಾಗಿ ಎರಡರ ಸಾಂದ್ರತೆಯೂ ಒಂದೇ, ಹಾಗಾಗಿ ತಲೆ ತಿರುಗಿಸಿದಾಗ ಮಾತ್ರ ಪರದೆ ಬಾಗುತ್ತದೆ. ಕುಡಿದಾಗ ಮದ್ಯ ಮೊದಲು ಪರದೆಯೊಳಕ್ಕೆ ಸೇರಿ ಅದನ್ನು ಹಗುರ ಮಾಡುತ್ತದೆ, ದ್ರವಕ್ಕೆ ಸೇರುವುದು ನಿಧಾನ. ಅಷ್ಟು ಹೊತ್ತು ಪರದೆ ತಾನಾಗಿಯೇ ತೇಲಿ ಬಾಗುತ್ತದೆ, ನಾವು ಸುಮ್ನೆ ಮಲಗಿದ್ದರೂ ಕೋಣೆ ತಿರುಗಿದ ಹಾಗೆ ಅನ್ನಿಸುತ್ತದೆ. ಹಾಸಿಗೆಯಲ್ಲಿ ಇದಾದರೆ ಒಂದು ಕಾಲು ನೆಲಕ್ಕೆ ಊರಿ ಸುಧಾರಿಸಿಕೊಳ್ಳಬಹುದು. ನೀರೊಳಗೆ ಊರುವುದಕ್ಕೆ ನೆಲ ಎಲ್ಲಿದೆ? ಮೈಗೆ ಭಾರ ಗೊತ್ತಾಗುವುದಿಲ್ಲ, ಕಣ್ಣಿಗೆ ಕೆಸರು ನೀರು ಬಿಟ್ಟು ಬೇರೇನೂ ಕಾಣುವುದಿಲ್ಲ, ಕಿವಿ ಸುಳ್ಳು ಹೇಳುತ್ತಿರುತ್ತದೆ. ಮೇಲೆ ಯಾವುದು ಕೆಳಗೆ ಯಾವುದು ಅಂತಲೇ ತಿಳಿಯದೆ ಹೋಗಬಹುದು ಅಂತ ಕೋಸ್ಟ್ ಗಾರ್ಡ್ ಎಚ್ಚರಿಸುವುದು ಇದಕ್ಕೇ. ಚೆನ್ನಾಗಿ ಈಜು ಬರುವವನಿಗೂ ಇದು ಅನ್ವಯಿಸುತ್ತದೆ. ಬಾವಿಯಲ್ಲಿ ಈಜು ಕಲಿತವನು ನಾನು ಅನ್ನುವ ಧೈರ್ಯ ಇಲ್ಲಿ ಉಪಯೋಗಕ್ಕೆ ಬರಲ್ಲ.

ಕತ್ತಲಾದ ಮೇಲೆ ಇನ್ನೊಂದು ತೊಂದರೆ. ಬೋಟಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು, ಹಿಂದೆ ಬಿಳಿ. ಎದುರಿನ ಬೋಟು ನಮ್ಮ ಕಡೆ ಬರುತ್ತಿದೆಯಾ, ಆ ಕಡೆ ಹೋಗುತ್ತಿದೆಯಾ ಅಂತ ಗೊತ್ತಾಗುವುದು ಈ ಬಣ್ಣಗಳಿಂದಲೇ. ಅಮಲಿನಲ್ಲಿ ಕೆಂಪು ಹಸಿರುಗಳ ವ್ಯತ್ಯಾಸ ಹಿಡಿಯುವ ಶಕ್ತಿ ಕುಗ್ಗುತ್ತದೆ. ಮತ್ತೆ ಬೋಟಿಗೆ ಬ್ರೇಕ್ ಇಲ್ಲ ಅನ್ನುವುದು ಬಾಡಿಗೆಗೆ ತೆಗೆದುಕೊಂಡವರಿಗೆ ನೆನಪಾಗುವುದು ಬೇಕಾದಾಗಲೇ. ನೀರಿನ ಮೇಲಿನ ಬೈಕಿನಂಥ ಜೆಟ್ ಸ್ಕೀಯಲ್ಲಂತೂ ಥ್ರಾಟಲ್, ಅಂದರೆ ಆಕ್ಸಿಲರೇಟರ್, ಬಿಟ್ಟರೆ ತಿರುಗಿಸುವ ಶಕ್ತಿಯೂ ಹೋಗುತ್ತದೆ. ಗಾಬರಿಯಾದವನು ಮೊದಲು ಮಾಡುವುದು ಥ್ರಾಟಲ್ ಬಿಡುವುದು, ಆಮೇಲೆ ಗಾಡಿ ನೆಟ್ಟಗೆ ಹೋಗಿ ಎದುರಿನದಕ್ಕೆ ಗುದ್ದುತ್ತದೆ.

"ಸರಿ, ಓಡಿಸುವ ಒಬ್ಬ ಕುಡಿಯದಿದ್ದರಾಯಿತಲ್ವಾ? ಮಿಕ್ಕವರಿಗೇನು?" ಕಾರಿನ ಮಟ್ಟಿಗೆ ಇದು ಸರಿಯಾದ ಮಾತು. ಬೋಟಿಗೆ ಅರ್ಧ ಸರಿ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಮೇರಿಲ್ಯಾಂಡ್ ಮತ್ತು ನಾರ್ತ್ ಕೆರೊಲಿನಾದಲ್ಲಿ 1990ರಿಂದ 1998ರ ನಡುವೆ ಬೋಟಿಂಗಿನಲ್ಲಿ ಸತ್ತ 221 ವಯಸ್ಕರ ರಕ್ತದಲ್ಲಿದ್ದ ಮದ್ಯದ ಪ್ರಮಾಣವನ್ನು, ಅದೇ ನೀರಿನಲ್ಲಿ ಓಡಾಡಿಕೊಂಡಿದ್ದ ಜೀವಂತ ಜನರ ಜೊತೆ ಹೋಲಿಸಿ ನೋಡಿದರು. 2001ರಲ್ಲಿ ಪ್ರಕಟವಾಯಿತು. 100 ಮಿ.ಲೀ. ರಕ್ತದಲ್ಲಿ ಬರೀ 10 ಮಿ.ಗ್ರಾಂ ಇದ್ದಾಗಲೇ, ಅಂದರೆ ಒಂದು ಬೀರಿಗಿಂತಲೂ ಕಡಿಮೆ ಕುಡಿದಾಗಲೇ, ಸಾಯುವ ಸಾಧ್ಯತೆ ಶೇ. 30ರಷ್ಟು ಏರಿತ್ತು. 250 ಮಿ.ಗ್ರಾಂ ಮುಟ್ಟಿದಾಗ ಸುಮಾರು 52 ಪಟ್ಟು. ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದರ ಮುಂದಿನ ಮಾತು. ಓಡಿಸುವವನಿಗೂ ಸುಮ್ಮನೆ ಕೂತವನಿಗೂ ಈ ಏರಿಕೆ ಹೆಚ್ಚುಕಮ್ಮಿ ಒಂದೇ ಆಗಿತ್ತು. ಬೋಟು ಓಡುತ್ತಿದ್ದರೂ ಅಷ್ಟೇ, ಲಂಗರು ಹಾಕಿ ನಿಂತಿದ್ದರೂ ಅಷ್ಟೇ.

ನಿಂತ ಬೋಟಿನಲ್ಲಿ ಜನ ಹೇಗೆ ಸಾಯುತ್ತಾರೆ? ಹಿಂಭಾಗದ ಅಂಚಿಗೆ ನಿಂತು ಮೂತ್ರ ಮಾಡಲು ಹೋಗಿ ಜಾರುತ್ತಾರೆ. ನಗಬೇಡಿ, ಕುಡಿದವರು ಪದೇ ಪದೇ ಹೋಗಲೇಬೇಕಾದ ಕೆಲಸ ಅದು, ಎರಡೂ ಕೈ ಬೇರೆ ಕಡೆ ಇರುತ್ತವೆ, ಅಷ್ಟರಲ್ಲಿ ಪಕ್ಕದಿಂದ ಹೋದ ಬೋಟಿನ ಅಲೆ ಬಂದು ತಟ್ಟಿದರೆ ಮುಗಿಯಿತು. ಇಲ್ಲಾ ಸ್ನೇಹಿತರ ಬೋಟಿಗೆ ದಾಟಲು ಹೋಗಿ ನಡುವೆ ಬೀಳುತ್ತಾರೆ. ಇಲ್ಲಾ ಆಳ ಗೊತ್ತಿಲ್ಲದೆ ಡೈವ್ ಹೊಡೆಯುತ್ತಾರೆ. ಬಿದ್ದವನು ಬಿದ್ದದ್ದನ್ನು ಮಿಕ್ಕವರು ಹಾಡಿನ ಗದ್ದಲದಲ್ಲಿ ಗಮನಿಸಿಯೇ ಇರುವುದಿಲ್ಲ. ಇಂಜಿನ್ ಅಥವಾ ಜನರೇಟರ್ ಆನ್ ಇಟ್ಟು ಹಿಂದಿನ ಮೆಟ್ಟಿಲ ಮೇಲೆ ಕೂತರೆ ಕಾರ್ಬನ್ ಮಾನಾಕ್ಸೈಡ್ ಬೇರೆ. ತಲೆನೋವು, ತಲೆ ಸುತ್ತು, ತೊದಲು, ವಾಂತಿ ಎಲ್ಲಾ ಬರುತ್ತೆ, ನೋಡಿದವರು "ಜಾಸ್ತಿ ಆಗಿದೆ ಇವನಿಗೆ, ಮಲಗಲಿ ಬಿಡು" ಅಂತಾರೆ. ಅವನು ಏಳುವುದಿಲ್ಲ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅನ್ನುತ್ತೇವಲ್ಲ, ಮಿಷಿಗನ್ನಿನಲ್ಲಿ ಮೇ ತಿಂಗಳಲ್ಲಿ ಆ ಗಾದೆ ಹೇಳಲು ಹೋಗಬೇಡಿ. ಮೇಲೆ ಬಿಸಿಲು ಇದ್ದರೂ ನೀರು ಕೊರೆಯುತ್ತಿರುತ್ತದೆ. ಬಿದ್ದ ತಕ್ಷಣ ಬೇಡವೆಂದರೂ ಜೋರಾಗಿ ಉಸಿರು ಎಳೆದುಕೊಳ್ಳುತ್ತೇವೆ, ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಮೊದಲ ಒಂದು ನಿಮಿಷ ಲೈಫ್ ಜಾಕೆಟ್ ಮುಖವನ್ನು ಮೇಲೆ ಹಿಡಿದಿದ್ದರೆ ಉಸಿರು ಹಿಡಿತಕ್ಕೆ ಬರುತ್ತದೆ. ಇನ್ನು "ಒಂದು ಪೆಗ್ ಹಾಕಿದ್ರೆ ಚಳಿ ಹೋಗುತ್ತೆ" ಅನ್ನುವುದು. ಚರ್ಮದ ರಕ್ತನಾಳಗಳು ಹಿಗ್ಗಿ ಬೆಚ್ಚಗೆ ಅನ್ನಿಸುತ್ತದೆ, ಅದೇ ಕಾರಣಕ್ಕೆ ಒಳಗಿನ ಶಾಖ ಬೇಗ ಹೊರಗೆ ಹೋಗಿ ಮೈ ಇನ್ನೂ ಬೇಗ ತಣ್ಣಗಾಗುತ್ತದೆ.

ಕಾನೂನಿಗೆ ಬರೋಣ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಮೋಜಿನ ಬೋಟಿಗೆ ಮಿತಿ 0.08, ಅಂದರೆ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ. ಬಾಡಿಗೆ, ಸರಕು, ಪ್ರಯಾಣಿಕರ ಹಡಗು ನಡೆಸುವವರಿಗೆ ಅದರ ಅರ್ಧ, 0.04. ನಮ್ಮ ದೇಶದ ರಸ್ತೆಯ ಮಿತಿ 30 ಮಿ.ಗ್ರಾಂ ಅನ್ನುವುದನ್ನು ನೆನೆದರೆ 80 ಧಾರಾಳ ಅನ್ನಿಸಬಹುದು. ಆದರೆ ಅಂಕಿ ದಾಟದಿದ್ದರೂ ನಡೆ, ನುಡಿ, ಕಣ್ಣು ನೋಡಿ ಅಮಲಿನಲ್ಲಿದ್ದಾನೆ ಅಂತ ಕೇಸು ಹಾಕಬಹುದು. ತಪ್ಪು ಸಾಬೀತಾದರೆ ಫೆಡರಲ್ ಕಾನೂನಿನಡಿ ಸಾವಿರಾರು ಡಾಲರ್ ದಂಡ, ಇಲ್ಲವೇ ಒಂದು ವರ್ಷದವರೆಗೆ ಜೈಲು. ರಾಜ್ಯಗಳ ಕಾನೂನು ಬೇರೆ. ಫ್ಲಾರಿಡಾದಲ್ಲಿ ಮೊದಲ ಸಲಕ್ಕೆ 500ರಿಂದ 1,000 ಡಾಲರ್ ದಂಡ, ಆರು ತಿಂಗಳವರೆಗೆ ಜೈಲು. ಟೆಕ್ಸಾಸ್‌ನಲ್ಲಿ ಕನಿಷ್ಠ 72 ಗಂಟೆ, ಗರಿಷ್ಠ 180 ದಿನ. ಯಾರಾದರೂ ಸತ್ತರೆ ಅಲ್ಲಿ 2ರಿಂದ 20 ವರ್ಷ. ನ್ಯೂಜೆರ್ಸಿಯಲ್ಲಿ ಬೋಟು ಓಡಿಸುವ ಹಕ್ಕಿನ ಜೊತೆ ಕಾರಿನ ಲೈಸೆನ್ಸೂ ಅಮಾನತಾಗುತ್ತದೆ. ನ್ಯೂಯಾರ್ಕ್ 2016ರಲ್ಲಿ ಕಾನೂನು ತಿದ್ದಿ, ಕಾರಿನ ಹಳೆಯ ಶಿಕ್ಷೆಯನ್ನು ಬೋಟಿನ ಹೊಸ ಕೇಸಿನಲ್ಲಿ ಎರಡನೆಯ ಅಪರಾಧ ಅಂತ ಲೆಕ್ಕ ಹಿಡಿಯಲು ದಾರಿ ಮಾಡಿತು. ಕ್ಯಾಲಿಫೋರ್ನಿಯಾದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಬೋಟಿನ ಹಿಂದೆ ಹಗ್ಗ ಹಿಡಿದು ವಾಟರ್ ಸ್ಕೀ ಮಾಡುವವನು ಕುಡಿದಿದ್ದರೂ ತಪ್ಪೇ.

ತಡೆದು ನಿಲ್ಲಿಸಲು ಕಾರಣ ಬೇಕಲ್ಲ ಅಂತೀರಾ? ರಸ್ತೆಯಲ್ಲಿ ಬೇಕು. ಕೋಸ್ಟ್ ಗಾರ್ಡ್‌ಗೆ ಬೇಡ. ಅನುಮಾನ ಇಲ್ಲದಿದ್ದರೂ, ವಾರಂಟ್ ಇಲ್ಲದಿದ್ದರೂ ತನ್ನ ವ್ಯಾಪ್ತಿಯ ನೀರಿನಲ್ಲಿ ಬೋಟು ಹತ್ತಿ ಕಾಗದಪತ್ರ, ಲೈಫ್ ಜಾಕೆಟ್ ನೋಡುವ ಅಧಿಕಾರ ಅದಕ್ಕಿದೆ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಆಸುಪಾಸಿನಲ್ಲಿ ಇದು ಜೋರು. 2009ರಿಂದ 'ಆಪರೇಷನ್ ಡ್ರೈ ವಾಟರ್' ಅನ್ನುವ ಹೆಸರಿನಲ್ಲಿ ದೇಶದ ತುಂಬಾ ಒಟ್ಟಿಗೆ ತಪಾಸಣೆ ನಡೆಯುತ್ತದೆ.

ಅಲುಗುವ ಬೋಟಿನ ಮೇಲೆ ಗೆರೆ ಎಳೆದು ನಡಿ ಅನ್ನಲು ಆಗುವುದಿಲ್ಲ, ಕುಡಿಯದವನೂ ತೂರಾಡುತ್ತಾನೆ. ದಡಕ್ಕೆ ಕರೆತಂದರೂ ಸ್ವಲ್ಪ ಹೊತ್ತು ನೆಲ ಅಲುಗಿದ ಹಾಗೇ ಇರುತ್ತದೆ. ಅದಕ್ಕೇ ಕೂತಲ್ಲೇ ಮಾಡುವ ನಾಲ್ಕು ಪರೀಕ್ಷೆಗಳನ್ನು ರೂಪಿಸಿದ್ದಾರೆ. ಮೊದಲನೆಯದು ಕಣ್ಣು. ಅಧಿಕಾರಿ ಪೆನ್ನನ್ನು ನಿಧಾನಕ್ಕೆ ಪಕ್ಕಕ್ಕೆ ಒಯ್ಯುತ್ತಾನೆ, ತಲೆ ಆಡಿಸದೆ ನೋಡಬೇಕು. ಅಮಲಿದ್ದರೆ ಕಣ್ಣುಗುಡ್ಡೆ ಅದುರುತ್ತದೆ, ಬೇಕೆಂದರೂ ಅದನ್ನು ತಡೆಯಲಾಗದು. ಎರಡನೆಯದು ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟುವುದು. ಮೂರನೆಯದು ಅಂಗೈ ತಟ್ಟುವುದು: ಒಂದು ಕೈ ಮೇಲ್ಮುಖವಾಗಿ ಚಾಚಿ, ಇನ್ನೊಂದು ಕೈಯಿಂದ ಅದರ ಮೇಲೆ ಒಮ್ಮೆ ಅಂಗೈಯಿಂದ, ಒಮ್ಮೆ ಅಂಗೈಯ ಹಿಂಬದಿಯಿಂದ ತಟ್ಟುತ್ತಾ, ಒಂದು ಎರಡು ಒಂದು ಎರಡು ಅಂತ ಎಣಿಸುತ್ತಾ ವೇಗ ಹೆಚ್ಚಿಸಬೇಕು. ನಾಲ್ಕನೆಯದರಲ್ಲಿ ಮುಷ್ಟಿಗಳನ್ನು ಒಂದರ ಮುಂದೆ ಒಂದು ಇಡುತ್ತಾ ಎಣಿಸಬೇಕು. ಹೇಳಿದ್ದನ್ನು ನೆನಪಿಟ್ಟು ಕ್ರಮವಾಗಿ ಮಾಡುತ್ತಾನಾ ಅನ್ನುವುದೇ ಪರೀಕ್ಷೆ. ಉಸಿರು ಪರೀಕ್ಷೆ ಬೇಡ ಅಂದರೆ ತಪ್ಪಿಸಿಕೊಂಡ ಹಾಗಲ್ಲ, ನಿರಾಕರಿಸಿದ್ದೇ ಸಾಕ್ಷಿಯಾಗುತ್ತದೆ.

ಕೇಸು ಹೇಗೆಲ್ಲಾ ಕವಲೊಡೆಯುತ್ತದೆ ಅಂತ ತಿಳಿಯಲು ಸೌತ್ ಕೆರೊಲಿನಾದ ಬ್ಯೂಫರ್ಟ್ ಘಟನೆ ಸಾಕು. 2019ರ ಫೆಬ್ರವರಿ 24, ರಾತ್ರಿ ಎರಡು ಗಂಟೆ ದಾಟಿತ್ತು. 17 ಅಡಿಯ ಮೀನು ಹಿಡಿಯುವ ಬೋಟು, ಒಳಗೆ ಆರು ಜನ, ಎಲ್ಲರೂ 20ರ ಒಳಗಿನವರು ಅಥವಾ ಆಸುಪಾಸಿನವರು. ಪಾರ್ಟಿ ಮುಗಿಸಿ, ಊರೊಳಗಿನ ಬಾರಿಗೂ ಹೋಗಿ, ವಾಪಸ್ ಬರುತ್ತಿದ್ದರು. ಬೇರೆ ಯಾರಾದರೂ ಓಡಿಸಲಿ ಅಂತ ಜೊತೆಗಿದ್ದವರು ಹೇಳಿದ್ದರು. ಆರ್ಚರ್ಸ್ ಕ್ರೀಕ್ ಸೇತುವೆಯ ಕಂಬಕ್ಕೆ ಬೋಟು ಗುದ್ದಿತು. 19 ವರ್ಷದ ಹುಡುಗಿಯೊಬ್ಬಳು ನೀರಿಗೆ ಎಸೆಯಲ್ಪಟ್ಟಳು, ಶವ ಸಿಕ್ಕಿದ್ದು ಒಂದು ವಾರದ ನಂತರ.

ಆ ರಾತ್ರಿ ಎದ್ದ ಪ್ರಶ್ನೆ, ಚುಕ್ಕಾಣಿ ಹಿಡಿದಿದ್ದವರು ಯಾರು? ಕಾರಿನಲ್ಲಿ ಡ್ರೈವರ್ ಸೀಟು ಇರುತ್ತದೆ, ಬೆಲ್ಟ್ ಇರುತ್ತದೆ, ಅಪಘಾತದ ನಂತರವೂ ಬಹುಪಾಲು ಅಲ್ಲೇ ಸಿಗುತ್ತಾನೆ. ಬೋಟಿನಲ್ಲಿ ಎಲ್ಲರೂ ದಿಕ್ಕಾಪಾಲು. ಎಲ್ಲರ ಬಟ್ಟೆ ಒದ್ದೆ, ಎಲ್ಲರ ಮೈಮೇಲೂ ಗಾಯ. ಇಬ್ಬರಲ್ಲಿ ಯಾರು ಓಡಿಸುತ್ತಿದ್ದರು ಅನ್ನುವುದರ ಮೇಲೆ ತನಿಖೆ ಎಳೆದಾಡಿತು. ಕೊನೆಗೆ 2019ರ ಏಪ್ರಿಲ್‌ನಲ್ಲಿ ಆ ಭಾಗದ ಪ್ರಭಾವಿ ವಕೀಲ ಕುಟುಂಬದ ಹುಡುಗ ಪಾಲ್ ಮರ್ಡಾಕ್ ಮೇಲೆ ಮೂರು ಆರೋಪ ಬಿದ್ದವು: ಕುಡಿದು ಬೋಟು ಓಡಿಸಿ ಸಾವಿಗೆ ಕಾರಣನಾದದ್ದು ಒಂದು, ಗಂಭೀರ ಗಾಯ ಮಾಡಿದ್ದು ಎರಡು. ಸಾವಿನ ಆರೋಪಕ್ಕೇ ಅಲ್ಲಿ 25 ವರ್ಷದವರೆಗೆ ಜೈಲು. ವಿಚಾರಣೆಗೆ ಮೊದಲೇ, 2021ರ ಜೂನ್‌ನಲ್ಲಿ, ಅವನೇ ಕೊಲೆಯಾದ, ಆ ಕಥೆ ಬೇರೆ. ಕ್ರಿಮಿನಲ್ ಕೇಸು ಅಲ್ಲಿಗೆ ಮುಗಿಯಿತು. ಸಿವಿಲ್ ಕೇಸು ಮುಗಿಯಲಿಲ್ಲ. ಕುಡಿಯುವ ವಯಸ್ಸಾಗದ ಪಾಲ್‌ಗೆ ಅವನ ಅಣ್ಣನ ಐಡಿ ನೋಡಿ ಬೀರು ಮಾರಿದ ಅಂಗಡಿಯನ್ನೂ ಹುಡುಗಿಯ ಮನೆಯವರು ಕೋರ್ಟಿಗೆ ಎಳೆದರು. 2023ರಲ್ಲಿ ಆ ಅಂಗಡಿಯ ಕಂಪನಿ 1.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಂದರೆ ಮಾರಿದವನು, ಬೋಟು ಕೊಟ್ಟವನು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ.

ಚುಕ್ಕಾಣಿ ಬೇರೆಯವರ ಕೈಗೆ ಕೊಟ್ಟುಬಿಟ್ಟರೆ ಜವಾಬ್ದಾರಿಯೂ ಹೋಯಿತು ಅಂದುಕೊಳ್ಳುವವರು ಲಂಡನ್ನಿನ ಕೇಸು ನೋಡಬೇಕು. 2015ರ ಡಿಸೆಂಬರ್, ಥೇಮ್ಸ್ ನದಿ, ರಾತ್ರಿ. ಡೇಟ್‌ಗೆ ಬಂದ ಹುಡುಗಿಯನ್ನು ಶಾಂಪೇನ್ ಕುಡಿದ ಮೇಲೆ ತನ್ನ ಸ್ಪೀಡ್ ಬೋಟಿನಲ್ಲಿ ಕರೆದೊಯ್ದವನು ನಡುವೆ ಅವಳಿಗೇ ಓಡಿಸಲು ಕೊಟ್ಟ. ಬೋಟು ನೀರಿನಲ್ಲಿ ತೇಲುತ್ತಿದ್ದ ಮರದ ದಿಮ್ಮಿಗೆ ಬಡಿದು ಮಗುಚಿತು, ಅವಳು ಸತ್ತಳು. ಇಬ್ಬರೂ ಲೈಫ್ ಜಾಕೆಟ್ ಹಾಕಿರಲಿಲ್ಲ. ಬ್ರಿಟನ್ನಿನಲ್ಲಿ ಮೋಜಿನ ಬೋಟಿನವರಿಗೆ ಮದ್ಯದ ಮಿತಿ ಹಾಕುವ ಅವಕಾಶವನ್ನು 2003ರ ಕಾಯ್ದೆಯಲ್ಲಿ ಬರೆದಿದ್ದರೂ ಜಾರಿಗೇ ತಂದಿರಲಿಲ್ಲ. ಆದರೂ ಅವನು ಉಳಿಯಲಿಲ್ಲ. 2018ರಲ್ಲಿ ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಂತ ಆರು ವರ್ಷ ಶಿಕ್ಷೆಯಾಯಿತು. ವಿಚಾರಣೆಗೆ ಮೊದಲೇ ಪರಾರಿಯಾಗಿದ್ದವನನ್ನು 2019ರಲ್ಲಿ ಜಾರ್ಜಿಯಾ ದೇಶದಿಂದ ಎಳೆದು ತಂದರು. ಇಂಜಿನ್ ಇಲ್ಲದಿದ್ದರೆ ಪರವಾಗಿಲ್ಲ ಅನ್ನುವವರಿಗೆ ಕೆನಡಾ ಉತ್ತರ ಕೊಟ್ಟಿದೆ. ಅಲ್ಲಿನ ಒಂಟಾರಿಯೊ ಕೋರ್ಟು ಹುಟ್ಟು ಹಾಕುವ ಕನೂ ಕೂಡ ಕ್ರಿಮಿನಲ್ ಕಾನೂನಿನ ಲೆಕ್ಕದಲ್ಲಿ ಹಡಗೇ ಅಂದಿತು. ಕುಡಿದು ಅದರಲ್ಲಿ ಹೋಗಿ ಎಂಟು ವರ್ಷದ ಹುಡುಗನ ಸಾವಿಗೆ ಕಾರಣನಾದವನಿಗೆ ಜೈಲಾಯಿತು.

ಎಚ್-1ಬಿ (ಕೆಲಸದ), ಎಫ್-1 (ಓದಿನ) ವೀಸಾ ಮೇಲಿರುವ ನಮ್ಮವರಿಗೆ ದಂಡಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆ ಇದೆ. ಕುಡಿದು ಓಡಿಸಿದ್ದಕ್ಕೋ ಅಂಥದ್ದೇ ತಪ್ಪಿಗೋ ಬಂಧನವಾದರೆ, ಕೋರ್ಟು ತೀರ್ಪು ಕೊಡುವ ಮೊದಲೇ, ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಒಂದು ದಿನ ಇಮೇಲ್ ಬರುತ್ತದೆ ಅಷ್ಟೇ. ಅಲ್ಲೇ ಇರುವ ತನಕ ಕೆಲಸಕ್ಕೆ ತಕ್ಷಣ ತೊಂದರೆ ಆಗದಿರಬಹುದು. ಆದರೆ ಊರಿಗೆ ತಂಗಿ ಮದುವೆಗೆ ಬಂದರೆ ವಾಪಸ್ ಹೋಗಲು ಹೊಸ ವೀಸಾ ಬೇಕು, ಅದಕ್ಕೆ ಕುಡಿತದ ಚಟ ಇದೆಯಾ ಅಂತ ಅವರು ಗೊತ್ತುಮಾಡಿದ ವೈದ್ಯರ ಹತ್ತಿರ ತಪಾಸಣೆ, ಅದು ಮುಗಿಯುವ ತನಕ ಇಲ್ಲೇ. ವೀಸಾ ಅರ್ಜಿಯಲ್ಲಿ ಬಂಧನದ ಪ್ರಶ್ನೆ ಇದ್ದೇ ಇರುತ್ತದೆ, ಇಲ್ಲ ಅಂತ ಬರೆದರೆ ಅದು ಇನ್ನೊಂದು ಅಪರಾಧ. ಹೀಗೇನಾದರೂ ಆದರೆ ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರನ್ನೂ ಕೇಳದೆ ತಪ್ಪೊಪ್ಪಿಗೆಗೆ ಸಹಿ ಹಾಕಬೇಡಿ.

ಇನ್ನು ಊರ ಕಡೆ. ಶರಾವತಿಯ ಹಿನ್ನೀರು, ಕಾಳಿ, ಕಾವೇರಿಯ ದಂಡೆಯ ರೆಸಾರ್ಟುಗಳು, ರಾತ್ರಿ ಪಾರ್ಟಿ, ಬೆಳಗ್ಗೆ ಇನ್ನೂ ಇಳಿಯದ ತಲೆಯಲ್ಲಿ ಕಯಾಕ್ ಅಥವಾ ಹರಿಗೋಲು. ಬೆಂಗಳೂರಿನ ಟ್ರಾಫಿಕ್ ಪೊಲೀಸರು ಬಾಯಿಗೆ ಯಂತ್ರ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅಡಿ, ಅದು ರಸ್ತೆಯ ವಾಹನಕ್ಕೆ ಇರುವಂಥದ್ದು, ನೀರಿಗೆ ಇಳಿಯುವುದಿಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 282ನೇ ಸೆಕ್ಷನ್ ಇದೆ. ಜೀವಕ್ಕೆ ಅಪಾಯ ಆಗುವಂತೆ ಅಜಾಗರೂಕತೆಯಿಂದ ದೋಣಿ ನಡೆಸಿದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ಐಪಿಸಿಯ 280ರಲ್ಲಿ ದಂಡ 1,000 ಮಾತ್ರ ಇತ್ತು. ಬಾಡಿಗೆಗೆ ಜನರನ್ನು ಸುರಕ್ಷಿತವಲ್ಲದ, ಮಿತಿ ಮೀರಿ ತುಂಬಿದ ದೋಣಿಯಲ್ಲಿ ಒಯ್ದರೆ 284. ನಿರ್ಲಕ್ಷ್ಯದಿಂದ ಜೀವ ಹೋದರೆ 106(1), ಅದರಲ್ಲಿ ಐದು ವರ್ಷದವರೆಗೆ. ಈ ಸೆಕ್ಷನ್ನುಗಳಲ್ಲಿ ಎಲ್ಲೂ ರಕ್ತದಲ್ಲಿ ಎಷ್ಟು ಮಿ.ಗ್ರಾಂ ಅನ್ನುವ ಅಂಕಿ ಇಲ್ಲ. ಹಾಗಾಗಿ ನಡೆಸುವವನು ಕುಡಿದಿದ್ದ ಅನ್ನುವುದು ಇಲ್ಲಿ ಬೇರೆಯೇ ಅಪರಾಧ ಆಗುವುದಕ್ಕಿಂತ ಅಜಾಗರೂಕತೆಗೆ ಸಾಕ್ಷಿಯಾಗಿ ಬರುತ್ತದೆ, ಅದೂ ಬಹುಪಾಲು ಅವಘಡ ಆದ ಮೇಲೆ. ಮೊದಲೇ ತಡೆಯುವ ಕೆಲಸ ದಡದಲ್ಲಿ ಜಾಕೆಟ್ ಕೊಡುವ ಹುಡುಗನ ಮೇಲೆ ಬಿದ್ದಿದೆ. ಅವನು "ಸಾರ್, ನೀವು ಕುಡಿದಿದ್ದೀರ, ಈಗ ಬೇಡ" ಅಂದರೆ ದುಡ್ಡು ಕೊಟ್ಟಿದ್ದೀನಿ ಅಂತ ಅವನ ಮೇಲೆ ಹಾರಾಡುವವರೇ ಜಾಸ್ತಿ.